ದನದ ಮದ್ದಿನ ಸೊಪ್ಪು

ಮೊದಲು ಹೋದದ್ದು ಬಾಯಿರುಚಿ. ನಿಮ್ಮ ತಾತ ತೀರಿಕೊಂಡು ವರ್ಷ ಕಳೆದಿತ್ತು. ಜನ್ನಾಪುರದ ಮನೆಯಲ್ಲಿ ನಾನು ಮಾಡಿದ ಸಾರು ನನಗೇ ಬಿಸಿನೀರಿನ ಹಾಗಿತ್ತು. ಆಮೇಲೆ ನಿದ್ದೆ ಹೋಯಿತು. ತಲೆ ಬಾಚಿಕೊಳ್ಳುವ ಮನಸ್ಸೂ ಹೋಯಿತು. ಶಿವಮೊಗ್ಗದ ಡಾಕ್ಟರು ಡಿಪ್ರೆಷನ್ ಎಂದರು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಿಲ್ಲಿಸಬೇಡಿ ಎಂದರು.

ಅಷ್ಟು ಕಾಯುವ ತಾಳ್ಮೆ ನನ್ನ ತಮ್ಮ ಮಂಜಪ್ಪನಿಗೆ ಇರಲಿಲ್ಲ. ಮಲವಗೊಪ್ಪದಲ್ಲಿ ಅವನ ಕೊಟ್ಟಿಗೆಯ ಹಿಂದೆ ಭಂಗಿ, ಅಂದರೆ ಗಾಂಜಾ ಗಿಡಗಳಿದ್ದವು. ದನಕ್ಕೆ ಭೇದಿಯಾದರೆ ಆ ಸೊಪ್ಪನ್ನು ಬೆಲ್ಲದ ಜೊತೆ ತಿನ್ನಿಸುವುದು ನಮ್ಮ ಅಪ್ಪನ ಕಾಲದ ರೂಢಿ. ನಾನೂ ಮಗಳೂ ಹಬ್ಬದ ಊಟಕ್ಕೆ ಅವನ ಮನೆಗೆ ಹೋದಾಗ ಅದನ್ನೇ ಅರೆದು ಹಾಲಿಗೆ ಹಾಕಿ ತಂದ.

“ಎತ್ತಿಗೇ ಆಗುತ್ತೆ, ನಿಂಗಾಗಲ್ವೇನಕ್ಕ? ಕುಡಿ, ಮನಸ್ಸು ಹಗುರ ಆಗುತ್ತೆ.”

ಅಳತೆಯೂ ಎತ್ತಿನದೇ ಆಗಿತ್ತು.

ಊಟ ಮುಗಿಯುವವರೆಗೆ ಏನೂ ಆಗಲಿಲ್ಲ. ಆಮೇಲೆ ನಾಲಿಗೆ ಒಣಗಿತು. ನನ್ನ ಕೈ ಬೇರೆಯವರದ್ದು ಅನ್ನಿಸಿತು. ಎದೆ ಹೊಡೆದುಕೊಳ್ಳುವುದು ಕಿವಿಗೆ ಕೇಳುತ್ತಿತ್ತು. ಸತ್ತೆ ಎಂದುಕೊಂಡೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಹಾರ್ಟ್ ತೊಂದರೆ ಇರಬಹುದು, ಆಂಜಿಯೋಗ್ರಾಂ ಬೇಕಾಗಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದರು.

“ಅಮ್ಮಾ, ಬೇರೆ ಏನಾದ್ರೂ ತಗೊಂಡಿದ್ರಾ?”

“ಇಲ್ಲ.”

ಮಂಜ ಬಾಗಿಲ ಹತ್ತಿರ ಮುಖ ಬಿಳುಚಿಕೊಂಡು ನಿಂತಿದ್ದ. ಆ ಗಿಡ ಬೆಳೆದರೆ ಕೇಸು ಎಂದು ನಮಗೆಲ್ಲ ಗೊತ್ತಿತ್ತು. ನನ್ನ ಬಾಯಿಂದ ಒಂದು ಮಾತು ಬಂದರೆ ಅವನನ್ನು ಪೊಲೀಸರು ಕರೆದೊಯ್ಯುತ್ತಾರೆ. ಅದಕ್ಕಿಂತ ಎದೆಗೆ ಏನು ಬೇಕಾದರೂ ಮಾಡಲಿ ಎಂದು ಕಣ್ಣು ಮುಚ್ಚಿಕೊಂಡೆ. ಆದರೆ ಮಂಚದ ಪಕ್ಕ ನನ್ನ ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಹೇಳಿಬಿಟ್ಟೆ.

ಡಾಕ್ಟರು ಕುರ್ಚಿ ಎಳೆದು ಕೂತರು. “ನಾನು ಪೊಲೀಸ್ ಅಲ್ಲಮ್ಮ. ಮೊದ್ಲೇ ಹೇಳಿದ್ರೆ ಎಲ್ರಿಗೂ ಇಷ್ಟು ಗಾಬರಿ ತಪ್ತಿತ್ತು.” ಮಂಜನ ಕಡೆ ತಿರುಗಿದರು. “ನೀವು ಎತ್ತಿನ ಡಾಕ್ಟರು, ಎತ್ತನ್ನೇ ನೋಡ್ಕೊಳ್ಳಿ.” ರಕ್ತ ಪರೀಕ್ಷೆ ಮಾಡಿ, ಮಾರನೆಯ ದಿನದವರೆಗೆ ನೋಡಿದ ಮೇಲೆ ಆಂಜಿಯೋಗ್ರಾಂ ಬೇಡ ಎಂದರು. ಮಂಜ ಊರಿಗೆ ಹೋದವನೇ ಗಿಡಗಳನ್ನು ಕಿತ್ತ.

ನಿಮ್ಮಲ್ಲಿ ದೊಡ್ಡವಳಾದ ಸಹನಾ ಆಗ ನನಗೊಂದು ವಿಷಯ ಹೇಳಿದಳು. ಹೊರದೇಶದ ಕೆಲವು ಊರುಗಳಲ್ಲಿ ಇಂಥ ಗಿಡ, ಅಮಲು ಬರಿಸುವ ಅಣಬೆ ಇಟ್ಟುಕೊಂಡವರ ಹಿಂದೆ ಪೊಲೀಸರು ಬೀಳುವುದು ಬೇಡ ಎಂದು ಅಲ್ಲಿನ ನಗರಸಭೆಗಳೇ ತೀರ್ಮಾನ ಮಾಡಿವೆಯಂತೆ. ಮನಸ್ಸಿನ ಕಾಯಿಲೆಗೆ ಅವು ಆಗುತ್ತವೆಯೇ ಎಂದು ಡಾಕ್ಟರುಗಳು ಪರೀಕ್ಷೆ ಮಾಡುತ್ತಿದ್ದಾರಂತೆ.

ನಮ್ಮ ವಾರ್ಡಿನ ಸದಸ್ಯೆ ಗೀತಾ ಚರಂಡಿ ನೋಡಲು ಬಂದಾಗ, ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಕೇಳಿಬಿಟ್ಟೆ. “ನಮ್ಮ ನಗರಸಭೇಲೂ ಹಂಗೆ ಮಾಡೋಕಾಗಲ್ವೇನಮ್ಮ?”

ಗೀತಾ ನಕ್ಕಳು. “ಅಯ್ಯೋ ದೊಡ್ಡಮ್ಮ, ಆ ಕಾನೂನು ದಿಲ್ಲೀದು. ನಮ್ ಕೈಲಿರೋದು ಚರಂಡಿ, ಬೀದಿದೀಪ. ಅದೇ ಆಗ್ತಿಲ್ಲ! ನಿಮಗ್ಯಾಕೆ ಗಿಡದ ಆಸೆ?”

“ಗಿಡ ಬೇಡಮ್ಮ. ಏನು ತಿಂದೆ ಅಂತ ಡಾಕ್ಟರ ಹತ್ರ ಹೇಳೋಕೆ ಹೆದರಿಕೆ ಇರಬಾರದು, ಅಷ್ಟೇ.”

ಅವಳ ನಗು ನಿಂತಿತು. ಹೋಗುವಾಗ, ಸಮುದಾಯ ಭವನಕ್ಕೆ ಒಬ್ಬ ಮನಸ್ಸಿನ ಡಾಕ್ಟರನ್ನು ಕರೆಸುತ್ತೇನೆ ಎಂದಳು. ಕರೆಸಿದಳು. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂದು ಅವಳೇ ಎದ್ದು ನಿಂತು ಹೇಳಿದಳು. ಆದರೂ ಬಂದವರಲ್ಲಿ ಯಾರೂ ಏಳಲಿಲ್ಲ. ಸೆರಗು ಹೊದ್ದುಕೊಂಡು ನಾನೇ ಮೊದಲು ಡಾಕ್ಟರ ಕೋಣೆಯೊಳಗೆ ಹೋದೆ.

ಆ ಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಹೇಳುವಷ್ಟು ನಾನು ತಿಳಿದವಳಲ್ಲ. ಪೂರ್ತಿ ಗುಣವಾಗಿದ್ದೇನೆ ಎಂದೂ ಹೇಳುವುದಿಲ್ಲ. ಕೆಲವು ದಿನ ಬೆಳಗ್ಗೆ ಈಗಲೂ ಹಾಸಿಗೆ ಬಿಡುವುದಿಲ್ಲ.

ಮೊನ್ನೆ ಮಂಜ ಯಾವುದೋ ಪುಡಿ ತಂದ. “ಇದು ಬರೀ ಬೇರು ಕಣಕ್ಕ, ಕೇಸ್ ಆಗಲ್ಲ.” ಅವನ ಎದುರಿಗೇ ಅದನ್ನು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿದೆ. ಈಗಿನ ಮಾತ್ರೆಯ ಜೊತೆ ಇದು ಬೇಡ ಎಂದರು. ಮನೆಗೆ ಬಂದು ಸಾರು ಮಾಡಿದೆ.

ಉಪ್ಪು ಕಡಿಮೆಯಾಗಿತ್ತು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು.