ಟೇಪಿನ ಬಾಗಿಲಿಗೆ ಸಿಕ್ಕಿಸಿದ ಸೇವಂತಿಗೆ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೇ ಸೀರೆಗಳ ಅಡಿಯಲ್ಲಿ ಒಂದು ಟೇಪು ಸಿಕ್ಕಿತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಒಂದು ಮೂಲೆಯಲ್ಲಿ ಅರಿಶಿನ ಕುಂಕುಮ ಒಣಗಿ ಕಪ್ಪಗಾಗಿತ್ತು. "ಹಾಡಿನ ಕ್ಯಾಸೆಟ್ಟೇನಮ್ಮ? ಎಸೆದ್ಬಿಡ್ಲಾ?" ಅಂದಳು ಮಗಳು. ಮುಟ್ಟಬೇಡ ಅಂತ ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು...

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೊಂದು ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆ ಹೆಬ್ಬಾಳದಲ್ಲಿ, ನಮ್ಮ ಆಫೀಸು ಅಗ್ರಹಾರದ ಹಳೇ ಮನೆಯೊಂದರ ಮಹಡಿಯಲ್ಲಿ. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ದಿನಾ ಸಂಜೆ ಟೇಪಿಗೆ ನಕಲು ಮಾಡಿಡಬೇಕು. ಟೇಪ್ ಡ್ರೈವ್ ಇದ್ದದ್ದು ಒಂದೇ, ಅದೂ ಹೆಬ್ಬಾಳದಲ್ಲಿ. ಇನ್ನೊಂದು ಕೊಡಿಸಿ ಅಂದರೆ ನಮ್ಮ ಸಾಹುಕಾರರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಎರಡು ಕಡೆಗೂ ಲೈನಿನ ಸಂಪರ್ಕ ಮಾತ್ರ ಇತ್ತು, ಹಾಗಾಗಿ ನಾನು ಇಲ್ಲಿ ಕೂತು ಕಪ್ಪು ಪರದೆಯ ಮೇಲೆ 'ರಿವೈಂಡ್' ಅಂತ ಹೊಡೆದರೆ ಅಲ್ಲಿ ಟೇಪು ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು. 'ಆಫ್‌ಲೈನ್' ಅಂತ ಹೊಡೆದರೆ ಡ್ರೈವಿನ ಪುಟ್ಟ ಬಾಗಿಲು ತೆರೆದು ಟೇಪು ಮೂತಿ ಹೊರಗೆ ಹಾಕುತ್ತಿತ್ತು. ಎಲ್ಲಕ್ಕೂ ಆಜ್ಞೆಯಿತ್ತು, ಹೊಸ ಟೇಪು ಒಳಗೆ ಹಾಕುವುದಕ್ಕೊಂದು ಬಿಟ್ಟು. ಅದಕ್ಕೆ ಸ್ಟೋರ್ ಸರ್ ಬೇಕಿತ್ತು.

ಅವರು ಕಾರ್ಖಾನೆಯ ಸ್ಟೋರ್ ಕೀಪರ್. ಐವತ್ತು ದಾಟಿದ್ದವರು, ಹಣೆ ತುಂಬ ವಿಭೂತಿ. ಮೊದಮೊದಲು ನಾನು ಸಿಡಿಮಿಡಿಗೊಳ್ಳುತ್ತಿದ್ದೆ, ಏಕೆಂದರೆ ಟೇಪು ಸುತ್ತುತ್ತಿದೆಯೋ ಸಿಕ್ಕಿಹಾಕಿಕೊಂಡಿದೆಯೋ ನನಗೆ ಇಲ್ಲಿಂದ ತಿಳಿಯುತ್ತಿರಲಿಲ್ಲ. ಅದಕ್ಕೆ ಅವರೇ ಉಪಾಯ ಕಂಡುಕೊಂಡರು. ಫೋನಿನ ರಿಸೀವರನ್ನು ಡ್ರೈವಿನ ಪಕ್ಕಕ್ಕಿಟ್ಟುಬಿಡುವುದು! ಹೆಬ್ಬಾಳದ ಟೇಪಿನ ಕೊರಕೊರ ಸದ್ದು ಅಗ್ರಹಾರದಲ್ಲಿ ನನ್ನ ಕಿವಿಗೆ ಬೀಳುತ್ತಿತ್ತು. ಮೊದಲು ಅವರು "ಟೇಪು ಒಳಗೈತೆ" ಅನ್ನಬೇಕು, ಆಮೇಲೆ ನಾನು ಹೊಡೆಯಬೇಕು. ಕೊನೆಗೆ ಟೇಪು ಹೊರಬಂದಾಗ "ಬಂತು ಕಣಮ್ಮ" ಅನ್ನುತ್ತಿದ್ದರು. ಆ ಎರಡು ಮಾತು ಕೇಳದಿದ್ದರೆ ನನಗೆ ಸಂಜೆಯಾದಂತೆಯೇ ಅನ್ನಿಸುತ್ತಿರಲಿಲ್ಲ.

ಟೇಪು ಸುತ್ತುವ ಹೊತ್ತಿನಲ್ಲಿ ಅವರ ಮನೆಯ ಸಮಾಚಾರವೂ ಬರುತ್ತಿತ್ತು. ಒಂದು ವರ್ಷ ಬಂದದ್ದೆಲ್ಲ ಹೆಂಡತಿಯ ಹೃದಯದ ಮಾತೇ. ವಾಲ್ವ್ ಕೆಟ್ಟಿದೆ, ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಆಕೆಯೋ ಮನೆದೇವರು ಮಾದಪ್ಪನ ಪಟಕ್ಕೆ ಹೂ ಸಿಕ್ಕಿಸಿ, ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ ಅಂತ ಮುಂದೆ ಕೂತು ಕೇಳಿದರಂತೆ. ಬಲಗಡೆ ಹೂ ಬೀಳಲಿಲ್ಲ. ಎಡಗಡೆಯೂ ಬೀಳಲಿಲ್ಲ. ಅಪ್ಪಣೆ ಇಲ್ಲ ಅಂದಮೇಲೆ ಮುಗೀತು, ನನ್ನ ಮೈಗೆ ಕತ್ತಿ ಹಾಕಿಸೋದಿಲ್ಲ ಅಂತ ಪಟ್ಟು ಹಿಡಿದರು. "ಎಂಗೆ ಒಪ್ಸೋದು ಕಣಮ್ಮ, ದಿನಾ ಸೊರಗ್ತಾವ್ಳೆ" ಅನ್ನುತ್ತಿದ್ದ ಮನುಷ್ಯ ಒಂದು ಸಂಜೆ ಮಾತು ಅರ್ಧಕ್ಕೇ ಬಿಟ್ಟು ಅತ್ತುಬಿಟ್ಟರು. ನಾನೂ ಈ ಕಡೆ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಆಯುಧಪೂಜೆ ಬಂತು. ಅವತ್ತು ಕಾರ್ಖಾನೆಗೆ ಮನೆಯವರೆಲ್ಲ ಬರುವುದು ವಾಡಿಕೆ. ಲೇತ್ ಮೆಷಿನ್ನಿಗೂ ಬಾಳೆಕಂದು, ಟೇಪ್ ಡ್ರೈವಿಗೂ ಕುಂಕುಮ. ನಾನು ಆಫೀಸಿನಲ್ಲಿ ನಮ್ಮ ಕಂಪ್ಯೂಟರಿಗೆ ಹೂ ಮುಡಿಸಿ ಕೂತಿದ್ದೆ. ಫೋನ್ ಬಂತು.

"ಟೇಪು ಒಳಗೈತೆ" ಅಂದರು ಸ್ಟೋರ್ ಸರ್.

"ಇವತ್ತು ರಜಾ ಅಲ್ವಾ ಸರ್?"

"ಹ್ಞೂಂ. ಮಾದಪ್ಪನ ಪಟ ಡ್ರೈವ್ ಮೇಲೆ ಇಟ್ಟಿವ್ನಿ. ಸೇವಂತಿಗೆ ಹೂವ ಅದರ ಬಾಗಿಲ ಮೇಲೆ ಬಲಮೂಲೆಗೆ ಸಿಕ್ಸಿವ್ನಿ. ನಮ್ಮನೆಯೋಳೂ ಬಂದವ್ಳೆ." ಅಷ್ಟೇ. ಹೀಗೆ ಮಾಡು ಅನ್ನಲಿಲ್ಲ. ರಿಸೀವರ್ ಪಕ್ಕಕ್ಕಿಟ್ಟ ಸದ್ದು ಕೇಳಿಸಿತು.

ಅವರು ನನ್ನಿಂದ ಏನು ಬಯಸುತ್ತಿದ್ದಾರೆ ಅಂತ ತಿಳಿಯಿತು. ನನಗೆ ಭಕ್ತಿ ಅಷ್ಟಕ್ಕಷ್ಟೇ, ಭಯ ಮಾತ್ರ ಧಾರಾಳ. ದೇವರ ಹೆಸರಿನಲ್ಲಿ ಆಟವೇ? ನಾಳೆ ಆಪರೇಷನ್ ಟೇಬಲ್ಲಿನ ಮೇಲೆ ಏನಾದರೂ ಆಗಿಬಿಟ್ಟರೆ? ಅಲ್ಲಿ ಗಂಟೆ, ಜಾಗಟೆ ಶುರುವಾಯಿತು. ಆ ಗದ್ದಲದ ನಡುವೆ ಹೆಂಗಸೊಬ್ಬರು ಏದುಸಿರು ಬಿಡುತ್ತ "ಮಾದಪ್ಪಾ, ಏನಾರ ಒಂದು ಹೇಳಪ್ಪಾ" ಅಂದದ್ದು ಕೇಳಿಸಿತು. ಇನ್ನು ನನ್ನ ಕೈ ನಿಲ್ಲಲಿಲ್ಲ. 'ಆಫ್‌ಲೈನ್' ಅಂತ ಹೊಡೆದೆ, ತಪ್ಪಿದ್ದರೆ ಕ್ಷಮಿಸಪ್ಪ ಅಂತ ಎಂಟರ್ ಒತ್ತಿದೆ.

ಆ ಆಜ್ಞೆ ಕೊಟ್ಟರೆ ಟೇಪು ಮೊದಲು ಪೂರ್ತಿ ಹಿಂದಕ್ಕೆ ಸುತ್ತಿಕೊಂಡು ಆಮೇಲೆ ಹೊರಬರುವುದು. ಅಯ್ಯೋ, ಆ ಹೊತ್ತು ಕಳೆಯುವುದರಲ್ಲಿ ನನ್ನ ಜೀವ ಹಾರಿಹೋಗಿತ್ತು! ಸದ್ಯ, ಸುತ್ತುವ ಸದ್ದನ್ನು ಜಾಗಟೆ ನುಂಗಿತ್ತು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. "ಬಲಕ್ಕೆ! ಬಲಕ್ಕೇ ಬಿತ್ತು ಕಣ್ರೀ!" ಅಂತ ಯಾರೋ ಕೂಗಿದರು. ಸ್ವಲ್ಪ ಹೊತ್ತಾದ ಮೇಲೆ ರಿಸೀವರ್ ಎತ್ತಿಕೊಂಡು ಸ್ಟೋರ್ ಸರ್, "ಬಂತು ಕಣಮ್ಮ" ಅಂದರು.

ಆಪರೇಷನ್ ಆಯಿತು. ಆಕೆ ಚೇತರಿಸಿಕೊಂಡರು. ಮುಂದಿನ ದಸರೆಗೆ ನನಗೆ ಒಬ್ಬಟ್ಟು ಕಳಿಸಿದರು. ಆ ಹೂವಿನ ಮಾತನ್ನು ಮಾತ್ರ ಸ್ಟೋರ್ ಸರ್ರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೆಲವು ವರ್ಷಕ್ಕೆ ಅವರು ರಿಟೈರ್ ಆದರು, ಟೇಪಿನ ಕಾಲವೂ ಮುಗಿಯಿತು. ಆಮೇಲೊಂದು ದಿನ, ಸ್ಟೋರ್ ಸರ್ ಹೋಗಿಬಿಟ್ಟರು ಅಂತ ಸುದ್ದಿ ಬಂತು. ಗಟ್ಟಿಮುಟ್ಟಾಗಿದ್ದವರೇ ಮೊದಲು ಹೊರಟಿದ್ದರು. ಕುವೆಂಪುನಗರದ ಅವರ ಮನೆಗೆ ಹೋದೆ. ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಟೇಪನ್ನು ಕೈಗಿಟ್ಟರು. ಆ ಆಯುಧಪೂಜೆಯ ದಿನ ಡ್ರೈವಿನಲ್ಲಿದ್ದ ಟೇಪು, ಸ್ಟೋರ್ ಸರ್ ಕೆಲಸ ಬಿಡುವಾಗ ಕೇಳಿ ತಂದಿಟ್ಟುಕೊಂಡಿದ್ದರಂತೆ.

"ಹೂವ ಬೀಳಿಸಿದ್ದು ನೀವೇ ತಾನೇ?" ಅಂದರು.

ನಾನು ಟೇಪಿನ ಮೂಲೆಯ ಕುಂಕುಮ ಸವರುತ್ತ ಹ್ಞೂಂ ಅಂದೆ.

"ನಂಗೆ ಅವತ್ತೇ ಗೊತ್ತಾಯ್ತು ಕಣಮ್ಮ. ನೀವು ಅಲ್ಲಿಂದ್ಲೇ ಟೇಪು ಈಚೆ ತೆಗೀತೀರಿ ಅಂತ ದಿನಾ ಮನೇಲಿ ಹೇಳೋರು. ಮಂಗಳಾರತಿ ಹೊತ್ನಲ್ಲಿ ಫೋನು ಯಾಕೆ ಎತ್ತಿಟ್ಟವ್ರೆ ಅಂತ ತಿಳೀದೇ ಇರಕ್ಕೆ ನಾನೇನು ಮಗುವಾ? ನನ್ನ ಉಳಿಸ್ಕೊಳ್ಳಕ್ಕೆ ಮಾದಪ್ಪನ ಮುಂದೇನೇ ಸುಳ್ಳಿಗೆ ನಿಂತ್ಬುಟ್ರಲ್ಲ ಅಂತ ಒಪ್ಕೊಂಡ್ಬುಟ್ಟೆ. ಹೂವಿಂದಲ್ಲ." ಸೆರಗು ಬಾಯಿಗೊತ್ತಿಕೊಂಡರು. "ಗೊತ್ತಿತ್ತು ಅಂತ ಅವ್ರಿಗೆ ಕೊನೇವರ್ಗೂ ಹೇಳ್ನೇ ಇಲ್ಲ. ದೇವ್ರೇ ಕೊಟ್ಟ ಅಂತ ನಾನು ನಂಬಿವ್ನಿ ಅಂದ್ಕೊಂಡು ನೆಮ್ಮದಿಯಾಗಿದ್ರು."

ಈಗ ಆಕೆಯೂ ಇಲ್ಲ. ಈ ಟೇಪನ್ನು ಓದುವ ಡ್ರೈವೂ ಎಲ್ಲೂ ಸಿಗುವುದಿಲ್ಲ. ಮಗಳು ಅತ್ತ ಹೋದಮೇಲೆ ಅದನ್ನು ದೇವರ ಪಟದ ಕೆಳಗಿಟ್ಟು, ಟೇಪಿನ ಬಲಮೂಲೆಗೆ ಒಂದು ಸೇವಂತಿಗೆ ಇಟ್ಟೆ. ಬೀಳುವುದಿಲ್ಲ ಅಂತ ಗೊತ್ತಿತ್ತು, ಬೀಳಲೂ ಇಲ್ಲ. ಆದರೂ ಅಲ್ಲೇ ನಿಂತಿದ್ದೆ, ಯಾರಾದರೂ "ಬಂತು ಕಣಮ್ಮ" ಅಂದಾರೇನೋ ಅಂತ...