ನಾಲ್ಕು ಸಲ ಒತ್ತಿದರೆ ಹತ್ತು

ಕೆಳಮನೆ ಆಂಟಿಯ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿ ಸವೆದುಹೋಗಿದ್ದವು. ಪ್ರತಿ ತಿಂಗಳೂ ರೇಷನ್ ಅಂಗಡಿಯ ಯಂತ್ರ ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. "ಇಂಥ ನೂರು ಮಿಷನ್ ಮಾಡಿರೋ ಕೈ ಇದು" ಎಂದು ಬೈದುಕೊಂಡೇ ವಿಜಯನಗರದಲ್ಲಿ ನಮ್ಮ ಕೆಳಗಿನ ಮನೆಗೆ ಮರಳುತ್ತಿದ್ದರು.

ನಾನಾಗ ಎಂಟು ತಿಂಗಳ ಬಸುರಿ. ಮಗು ದಿನಕ್ಕೆ ಹತ್ತು ಸಲವಾದರೂ ಒದೆಯಬೇಕು, ಎಣಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಕಾಗದದ ಮೇಲೆ ಗೀಟು ಹಾಕಿದ್ದರೆ ಸಾಕಿತ್ತು. ಇಂಜಿನಿಯರಿಂಗ್ ಓದಿದ ಕೊಬ್ಬು ನೋಡಿ, ಎಣಿಸುವ ಡಬ್ಬಿಯನ್ನೇ ಮಾಡಲು ಕುಳಿತೆ. ಯಾವ ಚಿಪ್ ಹಾಕಲಿ ಎಂದು ಆಂಟಿಯನ್ನು ಕೇಳಿದೆ.

"ನಲವತ್ತು ಹದಿನೇಳು ನಂಬರಿಂದು ಹಾಕು. ಹತ್ತು ದೀಪ, ಒತ್ತಿದ ಹಾಗೆ ಒಂದೊಂದೇ ಮುಂದಕ್ಕೆ ಹೋಗತ್ತೆ. ಮಧ್ಯೆ ಒಂದು ಹಾರಿದ್ರೆ ಕಣ್ಣಿಗೇ ಕಾಣತ್ತೆ" ಎಂದರು, ಸೊಪ್ಪು ಬಿಡಿಸುತ್ತಲೇ.

ನನಗೆ ದೀಪ ಬೇಡ, ಅಂಕಿ ಬೇಕಿತ್ತು. ಅಂಕಿ ತೋರಿಸುವ ನಲವತ್ತು ಇಪ್ಪತ್ತಾರು ಚಿಪ್ ಎರಡು ತಂದೆ. "ನಿನ್ನಿಷ್ಟ. ಸ್ವಿಚ್ಚಿಗೆ ಕೆಪಾಸಿಟರ್ ಮರೀಬೇಡ ಕಣೇ. ಸ್ವಿಚ್ಚು ಒಳಗೇ ಅದುರತ್ತೆ, ಕೆಪಾಸಿಟರ್ ಇಲ್ದಿದ್ರೆ ಒಂದ್ಸಲ ಒತ್ತಿದ್ದನ್ನ ಮೂರು ಎಣಿಸತ್ತೆ." ನಾಳೆ ಹಾಕಿದರಾಯಿತೆಂದು ಬಿಟ್ಟೆ. ವಾರವೆಲ್ಲ ಸರಿಯಾಗಿಯೇ ಎಣಿಸಿತು.

ಒಂದು ಸಂಜೆ ಮೇಲೆ ಬಂದ ಆಂಟಿ "ಇವತ್ತೆಷ್ಟು?" ಎಂದರು. "ಹತ್ತಾಯ್ತು ಆಂಟಿ." ಡಬ್ಬಿ ತೆಗೆದುಕೊಂಡು ಒಮ್ಮೆ ಒತ್ತಿದರು. ಹತ್ತು ಇದ್ದದ್ದು ಹದಿಮೂರಾಯಿತು.

"ನೀನೆಷ್ಟು ಸಲ ಒತ್ತಿದ್ದೆ?"

"ನಾಲ್ಕು" ಎಂದೆ. ಎಂದ ಮೇಲೆ ಹೊಳೆಯಿತು, ಮಗು ಒದ್ದದ್ದೂ ನಾಲ್ಕೇ ಸಲ. ಒತ್ತಿದ್ದು ನನ್ನದೇ ಬೆರಳು, ಒದೆಸಿಕೊಂಡದ್ದು ನನ್ನದೇ ಹೊಟ್ಟೆ. ಆದರೂ ಬೆಳಗಿನಿಂದ ಅಂಕಿ ನೋಡಿಕೊಂಡು ನೆಮ್ಮದಿಯಾಗಿದ್ದೆ. ಅಳತೊಡಗಿದೆ.

"ಅಳೋದೆಲ್ಲ ಆಮೇಲೆ. ಏಳು" ಎಂದು ಆಟೋ ಕರೆದರು.

ಆಸ್ಪತ್ರೆಯಲ್ಲಿ ನೋಡಿದರೆ ಮಗುವಿನ ಎದೆಬಡಿತ ಕುಸಿಯುತ್ತಿತ್ತು. ಕೂಡಲೇ ಆಪರೇಷನ್ ಮಾಡಿದರು. ಮಗಳು ತಡವಾಗಿಯಾದರೂ ಅತ್ತಳಂತೆ.

ನನಗೆ ಎಚ್ಚರವಾದಾಗ, ಸರಿಯಾದ ಹೊತ್ತಿಗೆ ಕರೆತಂದಿರಲ್ಲ, ಹೇಗೆ ಗೊತ್ತಾಯಿತು ಎಂದು ಅತ್ತೆ ಆಂಟಿಯನ್ನು ಕೇಳುತ್ತಿದ್ದರು. ಡಬ್ಬಿಯ ಮಾತು ಬಂತೆಂದು ಕಣ್ಣು ಮುಚ್ಚಿಕೊಂಡೆ. "ನಿಮ್ ಸೊಸೆನೇ ಹೇಳಿದ್ದು, ಯಾಕೋ ಅನುಮಾನ ಅಂತ. ಜಾಣೆ ಕಣ್ರೀ" ಎಂದರು ಆಂಟಿ. ನಾನು ಕಣ್ಣು ತೆರೆದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಗಳಿಗೀಗ ಐದು ವರ್ಷ. ಹೋದ ತಿಂಗಳು ಒಂದು ಬೆಳಗ್ಗೆ ರಂಗೋಲಿ ಹಾಕಿ ಒಳಗೆ ಹೋದ ಆಂಟಿ ಮತ್ತೆ ಹೊರಗೆ ಬರಲಿಲ್ಲ. ಹನ್ನೊಂದನೇ ದಿನದ ಊಟಕ್ಕೆ ಕುಳಿತಾಗಲೂ ಅತ್ತೆ ಪಕ್ಕದೆಲೆಯವರಿಗೆ ನನ್ನ ಜಾಣತನವನ್ನೇ ಹೊಗಳುತ್ತಿದ್ದರು. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ. ಅತ್ತೆ ಓದಲಿ ಎಂದೇ ಇದನ್ನು ಬರೆದಿದ್ದೇನೆ.