ನಾಲ್ಕನೇ ಪಟ್ಟಿಗೆ ಹೊಡೆದ ಮೊಳೆ

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಬಾಗಿಲು, ಮಂಚ, ಬೀರು ಮಾಡಿದ ಬಡಗಿ. ಅಲುಗಾಡುವ ವಸ್ತು ಕಂಡರೆ ಅವರ ಕೈ ಸುಮ್ಮನಿರದು. ನೆಂಟರ ಮನೆಗೆ ಹೋದರೂ ಕೂತ ಕುರ್ಚಿಯನ್ನು ಬಿಗಿ ಮಾಡಿಯೇ ಏಳುತ್ತಿದ್ದರು.

ನಾಯಿಗಳ ತರಬೇತಿ ಶಾಲೆಯ ಮೇಡಂ ಅಡೆತಡೆ ಓಟಕ್ಕೆ ಬೇಕಾದ ಸಾಮಾನು ಮಾಡಿಕೊಡಿ ಎಂದಾಗ ದೊಡ್ಡಮ್ಮ, "ಮನುಷ್ಯರಿಗೆ ಮಂಚ ಮಾಡಿದ್ದಾಯ್ತು, ಇನ್ನು ನಾಯಿಗೆ ಏಣಿ ಮಾಡಿ" ಎಂದು ನಕ್ಕರು. ದೊಡ್ಡಪ್ಪ ನಗಲಿಲ್ಲ. ನಾಯಿ ಹತ್ತಿಳಿಯುವ ಇಳಿಜಾರು ಹಲಗೆಗೆ ಮರಳು ಬೆರೆಸಿದ ಬಣ್ಣ ಬಳಿದು, ಜಾರುತ್ತದೋ ಏನೋ ಎಂದು ಅಂಗೈ ಉಜ್ಜಿ ನೋಡಿದರು. ಜಿಗಿತದ ಅಡ್ಡಪಟ್ಟಿಗಳನ್ನು ಮಾತ್ರ ಮೇಡಂ ಕೊಟ್ಟ ನಕ್ಷೆಯಲ್ಲಿದ್ದಂತೆ ಕಂಬದ ಆಸರೆಯ ಮೇಲೆ ಸುಮ್ಮನೆ ಇಡಬೇಕಿತ್ತು. ಅವರಿಗೆ ಅದು ಅರೆಬರೆ ಕೆಲಸವೆನ್ನಿಸಿತು.

ಸ್ಪರ್ಧೆಯ ದಿನ ಬೆಳಿಗ್ಗೆ ನಾಲ್ಕನೇ ಪಟ್ಟಿ ಗಾಳಿಗೆ ಎರಡು ಸಲ ಬಿತ್ತು. ದೊಡ್ಡಪ್ಪ ಜೇಬಿನಿಂದ ಮೊಳೆ ತೆಗೆದು ಎರಡೂ ತುದಿಗೆ ಒಂದೊಂದು ಹೊಡೆದು, ಬಂದು ಕೂತರು.

ಮೊದಲು ಓಡಿದ್ದು ಒಬ್ಬ ನರ್ಸಮ್ಮನ ಕಂದು ನಾಯಿ. ಎರಡನೇ ಜಿಗಿತದಲ್ಲಿ ಅದರ ಕಾಲು ತಾಗಿ ಪಟ್ಟಿ ಉರುಳಿತು.

"ಛೆ, ಅದನ್ನೂ ಬಿಗಿ ಮಾಡಬೇಕಿತ್ತು" ಎಂದರು ದೊಡ್ಡಪ್ಪ.

ಪಕ್ಕದಲ್ಲಿ ಸಮಯ ನೋಡುತ್ತಿದ್ದವನು ತಿರುಗಿ, "ಬಿಗಿ ಮಾಡಿದ್ರೆ ನಾಯಿ ಕಾಲು ಮುರೀತದೆ, ಯಜಮಾನ್ರೇ. ತಾಗಿದ ಕೂಡ್ಲೇ ಬೀಳ್ಲಿ ಅಂತಾನೇ ಹಾಗೆ ಇಟ್ಟಿರೋದು" ಎಂದ.

ದೊಡ್ಡಪ್ಪ ತಟ್ಟನೆ ಎದ್ದರು. ನಾಯಿ ಆಗಲೇ ಮೂರನೆಯದನ್ನು ದಾಟಿ ಬಟ್ಟೆಯ ಸುರಂಗದೊಳಗೆ ನುಗ್ಗಿತ್ತು. ಅದರಾಚೆ ಹನ್ನೆರಡು ಕೋಲುಗಳ ಸಾಲು. ಅವುಗಳ ನಡುವೆ ಹಾವಿನಂತೆ ಬಳುಕಿ ಬಂದರೆ ಎದುರಿಗೇ ನಾಲ್ಕನೇ ಪಟ್ಟಿ.

ದೊಡ್ಡಪ್ಪ ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಓಡಿದರು. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. "ಯಾರ್ರೀ ಅದು, ಆಚೆ ಬನ್ನಿ" ಎಂದು ತೀರ್ಪುಗಾರ ಕೂಗಿದ. ನಾಯಿ ಕೊನೆಯ ಕೋಲು ಬಿಟ್ಟು ವೇಗ ಹಿಡಿಯುವಾಗ ದೊಡ್ಡಪ್ಪ ಪಟ್ಟಿಯ ಮುಂದೆ ಕೈ ಅಗಲಿಸಿ ನಿಂತರು. ಅದು ಅವರ ಮೊಣಕಾಲಿಗೆ ಬಡಿದು, ಮಗ್ಗುಲಾಗಿ ಬಿದ್ದು ಎದ್ದಿತು.

ನರ್ಸಮ್ಮ ಏದುಸಿರು ಬಿಡುತ್ತ ಬಂದರು. "ಆರು ತಿಂಗಳ ಅಭ್ಯಾಸ ರೀ. ತಲೆ ನೆಟ್ಟಗಿದೆಯಾ ನಿಮಗೆ?"

"ಮೊಳೆ ಹೊಡೆದಿದೀನಿ, ತಾಯಿ. ನಾನೇ."

ಮೇಡಂ ಪಟ್ಟಿಯನ್ನು ಎತ್ತಿ ನೋಡಿದರು. ಕಂಬವೂ ಜೊತೆಗೇ ಎದ್ದಿತು. ದೊಡ್ಡಪ್ಪ ಎಲ್ಲರ ಎದುರು ಮಂಡಿಯೂರಿ ಮೊಳೆ ಕಿತ್ತರು. ಮೊದಲನೆಯದು ಬಂತು, ಎರಡನೆಯದು ಬರಲು ಸತಾಯಿಸಿತು.

ತೀರ್ಪುಗಾರ ಮತ್ತೆ ಓಡಲು ಬಿಟ್ಟ. ಈ ಸಲ ಎರಡನೆಯದು, ಮೂರನೆಯದು ನಿಂತವು. ಸುರಂಗ, ಕೋಲುಗಳು ಮುಗಿದವು. ನಾಲ್ಕನೆಯದರಲ್ಲಿ ನಾಯಿ ತಡವಾಗಿ ಹಾರಿತು. ಹಿಂಗಾಲೆರಡೂ ಪಟ್ಟಿಗೆ ಬಡಿದವು. ಪಟ್ಟಿ ಹುಲ್ಲಿನ ಮೇಲೆ ಬಿತ್ತು.

ಓಟ ಮುಗಿದ ಮೇಲೆ ನರ್ಸಮ್ಮ ಕೂತು ನಾಯಿಯ ಹಿಂಗಾಲುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ದೊಡ್ಡಪ್ಪ ನಾಯಿಯನ್ನಲ್ಲ, ಅವರ ಮುಖವನ್ನೇ ನೋಡುತ್ತಿದ್ದರು.

"ಏನೂ ಆಗಿಲ್ಲ" ಎಂದರು ಆಕೆ, ತಲೆ ಎತ್ತದೆ. "ಪಟ್ಟಿ ಬಿತ್ತಲ್ಲ, ಗೆಲ್ಲೋದಂತೂ ಹೋಯ್ತು."

ದೊಡ್ಡಪ್ಪ ಮುಂದಿನ ನಾಯಿಯನ್ನು ತಡೆಯಲು ಹೇಳಿ, ಮೈದಾನಕ್ಕಿಳಿದು, ಪ್ರತಿ ಪಟ್ಟಿಯನ್ನೂ ಒಂದು ಬೆರಳಿನಿಂದ ಬೀಳಿಸಿ ಮತ್ತೆ ಎತ್ತಿಟ್ಟರು.